ಟಿಕೆಟ್ಟಿನ ಮೂಲೆಯಲ್ಲಿದ್ದ +2

ಸ್ಯಾನ್ ಫ್ರಾನ್ಸಿಸ್ಕೋಗೆ ಹೊಸದಾಗಿ ಬಂದವರು ಮೊದಲು ಕೇಳುವುದು, ಊರಿಗೆ ಹೋಗಲು ಎಷ್ಟು ಹೊತ್ತು ಬೇಕು ಎಂದು. ಇಲ್ಲಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಸುಮಾರು 14,000 ಕಿಲೋಮೀಟರ್. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಎಲ್ಲಿಯೂ ಇಳಿಯದೆ, ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ಹಾರಿದಾಗ ಹಿಡಿದದ್ದು 17 ಗಂಟೆಯ ಆಸುಪಾಸು. ದುಬೈಯಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ವಿಮಾನ ಬದಲಿಸಿದರೆ 20 ಗಂಟೆ ದಾಟುತ್ತದೆ.

ಈ ಲೆಕ್ಕವನ್ನಷ್ಟೇ ನಂಬಿ ನಾನು ಕೆಟ್ಟೆ. ತಂಗಿಯ ಮದುವೆ ಸಾಗರದಲ್ಲಿ, ಮೇ ತಿಂಗಳ ಒಂದು ಭಾನುವಾರ, ಬೆಳಗ್ಗೆ 10-40ಕ್ಕೆ ಮುಹೂರ್ತ. ರಜೆ ಉಳಿಸಲೆಂದು ಶುಕ್ರವಾರ ರಾತ್ರಿ 9ರ ವಿಮಾನ ಹಿಡಿದೆ. 22 ಗಂಟೆಯ ಪ್ರಯಾಣ. ಶನಿವಾರ ಸಂಜೆ ಬೆಂಗಳೂರು, ರಾತ್ರಿ ಬಸ್ಸು, ಬೆಳಗಾಗುವಾಗ ಮನೆ ಎಂದುಕೊಂಡಿದ್ದೆ. ನಾವು ವಿಮಾನ ಹತ್ತುವ ಹೊತ್ತಿಗೇ ಊರಿನಲ್ಲಿ ಶನಿವಾರ ಬೆಳಗ್ಗೆ ಒಂಬತ್ತೂವರೆಯಾಗಿರುತ್ತದೆ. ತಲುಪುವ ಸಮಯದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ +2 ಎಂದಿತ್ತು. ಎರಡು ದಿನ ದಾಟಿ ಇಳಿಯುತ್ತೀರಿ ಎಂದು ಅದರರ್ಥ. ಅದನ್ನು ನಾನು ನೋಡಲೇ ಇಲ್ಲ.

ದೇವನಹಳ್ಳಿಯಲ್ಲಿ ಇಳಿದಾಗ ಭಾನುವಾರ ಬೆಳಗ್ಗೆ ಏಳೂವರೆ. ಅಲ್ಲಿಂದ ಸಾಗರಕ್ಕೆ ಇನ್ನೂ ಏಳೆಂಟು ಗಂಟೆಯ ದಾರಿ. ತುಮಕೂರು ದಾಟುವಾಗ ಅಮ್ಮ ಫೋನ್ ಮಾಡಿ, "ಎಲ್ಲಿದ್ದೀಯೋ?" ಎಂದರು. ಹಿಂದೆ ವಾಲಗ ಕೇಳುತ್ತಿತ್ತು. ಲಾಜಾಹೋಮದಲ್ಲಿ ತಂಗಿಯ ಬೊಗಸೆಗೆ ಅರಳು ಸುರಿಯಬೇಕಾದವನು ಅಣ್ಣ. ಅದನ್ನು ದೊಡ್ಡಪ್ಪನ ಮಗ ಮಾಡಿದ. ನಾನು ಮನೆ ಮುಟ್ಟಿದಾಗ ಚಪ್ಪರದ ಮಾವಿನೆಲೆ ಬಾಡಿತ್ತು, ತಂಗಿ ಗಂಡನ ಮನೆಗೆ ಹೊರಟು ಕಾರಿನಲ್ಲಿ ಕುಳಿತಿದ್ದಳು. ಅವಳ ಸೆರಗಿನ ಮಡಿಕೆಯಲ್ಲಿ ಎರಡು ಅರಳು ಸಿಕ್ಕಿಕೊಂಡಿದ್ದವು. ಅವನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು.

ಆದ್ದರಿಂದ ನಿಲ್ದಾಣದಿಂದ ನಿಲ್ದಾಣಕ್ಕೆ ಎಣಿಸಬೇಡಿ, ಹೊಸ್ತಿಲಿನಿಂದ ಹೊಸ್ತಿಲಿಗೆ ಎಣಿಸಿ. ಶುಭಕಾರ್ಯವಿದ್ದರೆ ಮೂರು ದಿನ ಮೊದಲೇ ಊರಿನಲ್ಲಿರಿ. ರಜೆ ಹೋದರೆ ಹೋಗಲಿ. ಹಿಂತಿರುಗುವಾಗ ಅಮೆರಿಕದ ಬೇರೆ ನಗರದಲ್ಲಿ ಮೊದಲು ಇಳಿಯುವುದಾದರೆ ಅಲ್ಲಿಯೇ ಪೆಟ್ಟಿಗೆಗಳನ್ನು ಪಡೆದು, ತಪಾಸಣೆ ಮುಗಿಸಿ, ಮತ್ತೆ ಒಪ್ಪಿಸಬೇಕು. ಮೂರು ಗಂಟೆಯಾದರೂ ಬಿಡುವಿರಲಿ. ಇಲ್ಲಿ ಹುಟ್ಟಿದ ಮಕ್ಕಳಿಗೆ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಅಥವಾ ವೀಸಾ ಮಾಡಿಸಿಡಿ.

ನಮ್ಮ ಅಡುಗೆಮನೆಯಲ್ಲಿ ಈಗ ಎರಡು ಗಡಿಯಾರಗಳಿವೆ. ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ಸಾಗರದ ಗಡಿಯಾರವನ್ನು ಯಾರೂ ಮುಟ್ಟುವುದಿಲ್ಲ, ವರ್ಷಕ್ಕೆರಡು ಸಲ ಇಲ್ಲಿಯದನ್ನಷ್ಟೇ ತಿರುಗಿಸುತ್ತೇವೆ. ಮಗಳು ರಾತ್ರಿ ಮಲಗುವ ಮುನ್ನ ಸಾಗರದ ಮುಳ್ಳು ನೋಡಿ, "ಅಜ್ಜಿ ಈಗ ದೋಸೆ ಹುಯ್ಯುತ್ತಿರಬೇಕು" ಎನ್ನುತ್ತಾಳೆ.