ಹಳೆಯ ಸ್ಪೋರ್ಟ್ಸ್ ಕಾರಿನ ಹಿಂದಿನ ಸಸ್ಪೆನ್ಷನ್: ಮನೆಯಲ್ಲೇ ಹೊಸದಾಗಿಸುವುದು ಹೇಗೆ?

ಹೊಸ ಬುಷ್, ಹೊಸ ಶಾಕ್ (ಶಾಕ್ ಅಬ್ಸಾರ್ಬರ್), ಬಣ್ಣ ಬಳಿದ ಆರ್ಮ್‌ಗಳು (ಚಕ್ರವನ್ನು ಬಾಡಿಗೆ ಹಿಡಿದಿಡುವ ತೋಳುಗಳು) ಎಲ್ಲವೂ ಆದ ಮೇಲೂ ವರ್ಷ ತುಂಬುವುದರೊಳಗೆ ಕಾರಿನ ಹಿಂಬದಿ ಮತ್ತೆ ಓಲಾಡತೊಡಗಿತು ಎಂದು ಯಾರಾದರೂ ದೂರಿದರೆ, ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಕೊನೆಯಲ್ಲಿ ಬೋಲ್ಟು ಬಿಗಿ ಮಾಡುವಾಗ ಚಕ್ರ ಯಾವ ಎತ್ತರದಲ್ಲಿತ್ತು? ಹೆಚ್ಚಿನವರ ಉತ್ತರ, ಕಾರು ಸ್ಟ್ಯಾಂಡಿನ ಮೇಲಿತ್ತು, ಆರ್ಮ್ ಕೆಳಗೆ ಜೋತುಬಿದ್ದಿತ್ತು ಎಂಬುದೇ. ಉಳಿದ ಕೆಲಸವನ್ನೆಲ್ಲ ಅಚ್ಚುಕಟ್ಟಾಗಿ ಮಾಡಿದವರೂ ಎಡವುವುದು ಇಲ್ಲಿಯೇ ಆದ್ದರಿಂದ, ಈ ಲೇಖನದ ಹೆಚ್ಚಿನ ಜಾಗವನ್ನು ಬುಷ್‌ಗಳಿಗೂ ಆ ಕೊನೆಯ ಬಿಗಿತಕ್ಕೂ ಮೀಸಲಿಟ್ಟಿದ್ದೇನೆ.

ಆರ್ಮ್ ಬಾಡಿಗೆ ಸೇರುವ ಕೀಲಿನಲ್ಲಿ ಕೂರುವ ರಬ್ಬರ್ ಬುಷ್‌ನ ರಚನೆ ಸರಳವಾದದ್ದು. ಒಳಗೊಂದು ಉಕ್ಕಿನ ಕೊಳವೆ, ಹೊರಗೊಂದು ಉಕ್ಕಿನ ಕವಚ, ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರ್. ಬೋಲ್ಟು ಬಿಗಿಯಾದೊಡನೆ ಒಳಗಿನ ಕೊಳವೆ ಬ್ರಾಕೆಟ್ಟಿನ ಎರಡು ಕಿವಿಗಳ ನಡುವೆ ಸಿಕ್ಕಿ ಅಲುಗದಂತೆ ನಿಲ್ಲುತ್ತದೆ. ಅನಂತರ ಆರ್ಮ್ ಮೇಲೆ ಕೆಳಗೆ ಆಡಿದಾಗ ಯಾವ ಭಾಗವೂ ಜಾರುವುದಿಲ್ಲ. ಒದ್ದೆ ಬಟ್ಟೆಯನ್ನು ಹಿಂಡಿದಂತೆ ರಬ್ಬರೇ ತಿರುಚಿಕೊಳ್ಳುತ್ತದೆ. ಚಕ್ರ ಜೋತುಬಿದ್ದಿರುವಾಗ ಬಿಗಿ ಮಾಡಿದರೆ ರಬ್ಬರಿನ ನಿರಾಳ ಸ್ಥಿತಿ ಆ ಜೋಲುವ ಕೋನದಲ್ಲಿಯೇ ನೆಲೆಯಾಗುತ್ತದೆ. ಕಾರನ್ನು ಇಳಿಸಿದ ಕ್ಷಣದಿಂದ, ನಿಂತಲ್ಲಿ ನಿಂತಿರುವಾಗಲೂ, ಅದು ತಿರುಚಿಕೊಂಡೇ ಇರುತ್ತದೆ. ಅದರಿಂದ ಸ್ಪ್ರಿಂಗಿಗೆ ಇಲ್ಲದ ಬಿರುಸು ಸೇರುತ್ತದೆ, ಹಿಂಬದಿ ತುಸು ಎತ್ತರಕ್ಕೆ ನಿಲ್ಲುತ್ತದೆ, ಕೆಲವೇ ತಿಂಗಳಲ್ಲಿ ರಬ್ಬರ್ ಕವಚದಿಂದ ಬಿಟ್ಟುಬರುತ್ತದೆ.

ಇಲ್ಲಿ ಹೇಳುವುದು ಕಾಯಿಲ್ ಸ್ಪ್ರಿಂಗ್ ಇರುವ, ನಾಲ್ಕೂ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಉಳ್ಳ ಕಾರುಗಳಿಗೆ ಅನ್ವಯಿಸುತ್ತದೆ. ಬಿಎಂಡಬ್ಲ್ಯು ಇ30ಯ ಸೆಮಿ ಟ್ರೇಲಿಂಗ್ ಆರ್ಮ್, ಇ36ರ ಮಲ್ಟಿಲಿಂಕ್, 1989ರಲ್ಲಿ ಬಂದ ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5ರ ಡಬಲ್ ವಿಶ್‌ಬೋನ್ ಇವೆಲ್ಲ ಈ ಗುಂಪಿನವು. ಕಾಯಿಲ್ ಬದಲು ತಿರುಚಿಕೊಳ್ಳುವ ಸರಳೇ (ಟಾರ್ಷನ್ ಬಾರ್) ಸ್ಪ್ರಿಂಗ್ ಆಗಿರುವ ಹಳೆಯ ಪೋರ್ಷೆ 911ರ ಕೆಲಸವೇ ಬೇರೆ; ಅದರಲ್ಲಿ ಎತ್ತರವನ್ನು ಕೂರಿಸುವುದಕ್ಕೆ ಪ್ರತ್ಯೇಕ ಲೇಖನವೇ ಬೇಕಾದೀತು.

ಎತ್ತುವ ಮೊದಲು

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹಿಂದೆ ಮುಂದೆ ತುಸು ಉರುಳಿಸಿ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನೇರ ಮೇಲಕ್ಕೆ ಅಳೆದು, ಎಡ ಬಲ ಎರಡನ್ನೂ ಬರೆದಿಟ್ಟುಕೊಳ್ಳಬೇಕು. ಟೈರಿನ ಗಾಳಿಯಾಗಲಿ ಗಾತ್ರವಾಗಲಿ ಈ ಅಳತೆಯನ್ನು ಕೆಡಿಸುವುದಿಲ್ಲ, ಆದ್ದರಿಂದಲೇ ನೆಲದಿಂದ ಅಳೆಯುವುದಕ್ಕಿಂತ ಇದು ಮೇಲು. ಸ್ಪ್ರಿಂಗನ್ನೂ ಬದಲಿಸುವುದಾದರೆ ಲೆಕ್ಕ ಸ್ವಲ್ಪ ಬೇರೆ. ಈಗ 350 ಮಿ.ಮೀ. ಇದ್ದು, ಹೊಸ ಸ್ಪ್ರಿಂಗ್ ಕಾರನ್ನು 30 ಮಿ.ಮೀ. ತಗ್ಗಿಸುವುದಾದರೆ ನಿಮ್ಮ ಗುರಿ 320. ಹಳೆಯ ಸ್ಪ್ರಿಂಗ್ ಕುಸಿದಿದ್ದು ಅದರ ಬದಲಿಗೆ ಮೂಲ ಅಳತೆಯ ಹೊಸದನ್ನು ಹಾಕುವವರು ಈಗಿನ ಎತ್ತರವನ್ನು ನಂಬದೆ ಕಾರಿನ ವರ್ಕ್‌ಷಾಪ್ ಮ್ಯಾನ್ಯುಯಲ್ ಹೇಳುವ ಎತ್ತರವನ್ನೇ ಹಿಡಿಯಬೇಕು.

ಎರಡು ದಿನ ಮೊದಲೇ ಎಲ್ಲ ಬೋಲ್ಟುಗಳಿಗೂ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ, ಮರುದಿನ ಮತ್ತೊಮ್ಮೆ ಸಿಂಪಡಿಸಿ. ಇದಕ್ಕೆಂದೇ ತಯಾರಾದ ಎಣ್ಣೆಯನ್ನು ಬಳಸಿ. ಎಲ್ಲಕ್ಕೂ ಒಂದೇ ಮದ್ದು ಎಂದು ಮಾರುವ ತೆಳುವಾದ ಸ್ಪ್ರೇ ತೇವವನ್ನು ಓಡಿಸುತ್ತದೆಯೇ ಹೊರತು ಮೂವತ್ತು ವರ್ಷದ ತುಕ್ಕಿನೊಳಗೆ ಇಳಿಯುವುದಿಲ್ಲ. ಡ್ರೈವ್ ಶಾಫ್ಟ್ ಕಳಚುವುದಿದ್ದರೆ ಹಬ್‌ನ (ಚಕ್ರ ಕೂರುವ ನಡುಭಾಗದ) ದೊಡ್ಡ ನಟ್ಟನ್ನು ಕಾರು ನೆಲದ ಮೇಲಿರುವಾಗಲೇ ಸಡಿಲಿಸಿ.

ಬಹುತೇಕ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನೇ. ಅವು ಗಾಳಿಯಲ್ಲಿರುವಾಗ ಅದರಿಂದ ಏನೂ ಪ್ರಯೋಜನವಿಲ್ಲ. ಆದ್ದರಿಂದ ಮುಂದಿನ ಚಕ್ರಗಳ ಹಿಂದೆ ಮುಂದೆ ಅಡೆ ಕೊಟ್ಟು, ಬಾಡಿಯ ಗಟ್ಟಿ ಜಾಗಗಳಿಗೆ ಜ್ಯಾಕ್ ಸ್ಟ್ಯಾಂಡ್ ಇಟ್ಟು, ಕಾರನ್ನು ಅಲುಗಾಡಿಸಿ ನೋಡಿದ ಮೇಲಷ್ಟೇ ಅಡಿಗೆ ಹೋಗಬೇಕು. ಜ್ಯಾಕಿನ ಮೇಲೆ ಮಾತ್ರ ನಿಂತ ಕಾರಿನ ಅಡಿಗೆ ಕೈ ಕೂಡ ಹಾಕಬಾರದು.

ಕಳಚುವುದು

ಬ್ರೇಕ್ ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಬಾಡಿಗೆ ಕಟ್ಟಿ, ಬ್ರೇಕ್ ಹೋಸಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಿ. ಸ್ಪ್ರಿಂಗ್ ಶಾಕಿನಿಂದ ಪ್ರತ್ಯೇಕವಾಗಿ ಕೂತಿರುವ ಕಾರಿನಲ್ಲಿ ಆರ್ಮ್ ಕೆಳಗೆ ಜ್ಯಾಕ್ ಕೊಟ್ಟು, ಆ್ಯಂಟಿ ರೋಲ್ ಬಾರಿನ (ತಿರುವಿನಲ್ಲಿ ಕಾರು ವಾಲುವುದನ್ನು ತಗ್ಗಿಸುವ ಸರಳಿನ) ಲಿಂಕನ್ನೂ ಶಾಕಿನ ಕೆಳಬೋಲ್ಟನ್ನೂ ತೆಗೆದು, ಜ್ಯಾಕನ್ನು ನಿಧಾನವಾಗಿ ಇಳಿಸಿದರೆ ಸ್ಪ್ರಿಂಗ್ ಸಡಿಲವಾಗಿ ಕೈಗೆ ಬರುತ್ತದೆ. ಶಾಕಿನ ಮೇಲೆಯೇ ಸ್ಪ್ರಿಂಗ್ ಇದ್ದರೆ ಇಡೀ ಜೋಡಣೆಯನ್ನು ಒಟ್ಟಿಗೆ ಇಳಿಸಬೇಕು. ಅದರ ಸ್ಪ್ರಿಂಗ್ ಬಿಚ್ಚುವುದಕ್ಕೆ ಗಟ್ಟಿಮುಟ್ಟಾದ ಸ್ಪ್ರಿಂಗ್ ಕಂಪ್ರೆಸರ್ ಬೇಕು. ತೆಳು ಕೊಕ್ಕೆಯ ಅಗ್ಗದ ಜೋಡಿ ಕಂಪ್ರೆಸರನ್ನು ಯಾರೇ ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ. ಒತ್ತಿದ ಸ್ಪ್ರಿಂಗ್ ಜಾರಿದರೆ ಎದುರಿಗಿರುವ ಮುಖವನ್ನು ಉಳಿಸುವುದಿಲ್ಲ.

ಕ್ಯಾಂಬರ್ (ಚಕ್ರ ಒಳಗೋ ಹೊರಗೋ ವಾಲುವ ಕೋನ) ಮತ್ತು ಟೋ (ಚಕ್ರ ಮುಂದಕ್ಕೆ ನೋಡುವ ದಿಕ್ಕು) ಹೊಂದಿಸುವ ಓರೆಕೇಂದ್ರದ ಬೋಲ್ಟುಗಳಿದ್ದರೆ ಅವುಗಳ ವಾಷರಿನ ಸ್ಥಾನವನ್ನು ಗೀಚಿ ಗುರುತು ಮಾಡಿಕೊಳ್ಳಿ. ಎಂಎಕ್ಸ್-5ರಲ್ಲಿ ಇವು ಬುಷ್‌ನ ಒಳಕೊಳವೆಗೇ ತುಕ್ಕಿನಿಂದ ಬೆಸೆದುಕೊಂಡಿರುವುದು ಮಾಮೂಲು. ಇದರ ಲಕ್ಷಣ ಹೀಗಿರುತ್ತದೆ: ನಟ್ಟು ಸುಲಭವಾಗಿ ಬಂದಿರುತ್ತದೆ, ಬೋಲ್ಟಿನ ತಲೆಯೂ ತುಸು ತಿರುಗುತ್ತದೆ, ಕೈ ಬಿಟ್ಟೊಡನೆ ಹಿಂದಕ್ಕೆ ಪುಟಿಯುತ್ತದೆ. ಅಂದರೆ ತಿರುಗುತ್ತಿರುವುದು ರಬ್ಬರೇ ಹೊರತು ಬೋಲ್ಟಲ್ಲ. ಹಾಗಿರುವಾಗ ಸುತ್ತಿಗೆಯಿಂದ ಬಡಿದರೆ ಬೋಲ್ಟಿನ ತುದಿ ಅಗಲವಾಗುತ್ತದೆ, ಬ್ರಾಕೆಟ್ಟಿನ ಕಿವಿ ಬಾಗುತ್ತದೆ. ಗ್ಯಾಸ್ ಟಾರ್ಚಿನಿಂದ ಕಾಯಿಸುವ ಆಸೆಯನ್ನೂ ಬಿಡಬೇಕು, ಏಕೆಂದರೆ ಪೆಟ್ರೋಲ್ ಟ್ಯಾಂಕ್, ಅದರ ಪೈಪು, ಬ್ರೇಕ್ ಹೋಸು ಎಲ್ಲವೂ ಅಲ್ಲಿಯೇ ಸುತ್ತಮುತ್ತ ಇರುತ್ತವೆ. ಬುಷ್ ಮತ್ತು ಬ್ರಾಕೆಟ್ಟಿನ ನಡುವಿನ ಸಂದಿಯಲ್ಲಿ ಗರಗಸದ ಬ್ಲೇಡು ತೂರಿಸಿ ಬೋಲ್ಟನ್ನು ಎರಡೂ ಕಡೆ ಕತ್ತರಿಸುವುದೇ ಸರಿಯಾದ ದಾರಿ. ಹೊಸ ಬೋಲ್ಟನ್ನು ಮೊದಲೇ ತಂದಿಟ್ಟುಕೊಂಡವರಿಗೆ ಇದರಿಂದ ಬೇಸರವೇನೂ ಆಗದು.

ಆರ್ಮ್‌ಗಳು ಹೊರಬಂದ ಮೇಲೆ ಅವು ಕೂರುವ ಜಾಗಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ, ಒಳ್ಳೆಯ ಬೆಳಕಿನಲ್ಲಿ ಪರೀಕ್ಷಿಸಿ. ಬಿಎಂಡಬ್ಲ್ಯು ಇ46ರಲ್ಲಿ ಸಬ್‌ಫ್ರೇಮ್ (ಆರ್ಮ್‌ಗಳನ್ನು ಹೊರುವ ಚೌಕಟ್ಟು) ಕೂರುವ ನೆಲದ ತಗಡು ಬಿರುಕು ಬಿಡುವುದು ಹೆಸರಾದ ದೋಷ. ಬಿರುಕು ಕಂಡರೆ ಬುಷ್‌ನ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ವೆಲ್ಡಿಂಗ್ ಬಲ್ಲವರನ್ನು ಕರೆಯಬೇಕು.

ಬುಷ್ ತೆಗೆಯುವುದು, ಹಾಕುವುದು

ಹಳೆಯ ಬುಷ್‌ಗೆ ಕೈ ಹಚ್ಚುವ ಮೊದಲು ಅದು ಕೂತಿರುವ ರೀತಿಯನ್ನು ಗಮನಿಸಿ. ಅನೇಕ ಬುಷ್‌ಗಳ ರಬ್ಬರಿನಲ್ಲಿ ಉದ್ದೇಶಪೂರ್ವಕವಾಗಿಯೇ ಬಿಟ್ಟ ಖಾಲಿ ಜಾಗಗಳಿರುತ್ತವೆ. ಆ ದಿಕ್ಕಿನಲ್ಲಿ ಬುಷ್ ಮೆತ್ತಗೆ, ಅದಕ್ಕೆ ಅಡ್ಡವಾಗಿ ಗಡುಸು. ಅದನ್ನು ತೊಂಬತ್ತು ಡಿಗ್ರಿ ತಿರುಗಿಸಿ ಹಾಕಿದರೆ ಎಂಜಿನಿಯರುಗಳು ಮೆತ್ತಗಿರಲಿ ಎಂದು ಬಯಸಿದ ಕಡೆ ಗಡುಸಾಗುತ್ತದೆ, ಗಡುಸಾಗಿರಬೇಕಾದ ಕಡೆ ಚಕ್ರ ಅಲೆದಾಡುತ್ತದೆ. ಖಾಲಿ ಜಾಗದ ನೇರಕ್ಕೆ ಆರ್ಮಿನ ಮೇಲೆ ಗೀರು ಹಾಕಿ, ಬುಷ್ ಎರಡೂ ಬದಿಗೆ ಎಷ್ಟೆಷ್ಟು ಹೊರಚಾಚಿದೆ ಎಂದು ಅಳೆದು, ಒಂದು ಫೋಟೊ ತೆಗೆದಿಡಿ.

ತೆಗೆಯುವುದಕ್ಕೆ ದೊಡ್ಡ ಪ್ರೆಸ್ ಬೇಕೇಬೇಕು ಎಂದೇನಿಲ್ಲ. ಹೆಚ್ಚು ಬಲದ ಉಕ್ಕಿನ ಥ್ರೆಡ್ ರಾಡು, ಎರಡು ನಟ್ಟು, ದಪ್ಪ ವಾಷರುಗಳು, ಬುಷ್‌ನ ಕವಚಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾದ ಒಂದು ಬಿಲ್ಲೆ, ಇನ್ನೊಂದು ಬದಿಯಲ್ಲಿ ಬುಷ್ ಪೂರ್ತಿ ಒಳಗೆ ಬಂದು ಕೂರುವಷ್ಟು ಅಗಲವಾದ ಕೊಳವೆ ಇಷ್ಟಿದ್ದರೆ ಸಾಕು. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಮೆದು ಉಕ್ಕಿನ ರಾಡಿನ ಥ್ರೆಡ್ಡು ಅರ್ಧ ಕೆಲಸದಲ್ಲಿಯೇ ಕಿತ್ತುಹೋಗುತ್ತದೆ. ಒಳ್ಳೆಯದನ್ನೇ ತಂದು, ಥ್ರೆಡ್ಡಿಗೆ ಧಾರಾಳವಾಗಿ ಗ್ರೀಸ್ ಹಚ್ಚಿ. ಕೊಳವೆ ಒರಗಬೇಕಾದದ್ದು ಆರ್ಮಿನ ರಂಧ್ರದ ಗಟ್ಟಿ ಅಂಚಿಗೆ. ತಗಡಿನ ಮೈಗೆ ಒರಗಿದರೆ ಆರ್ಮೇ ನುಗ್ಗಾಗುತ್ತದೆ. ಒಂದು ಬದಿಯಲ್ಲಿ ಕಾಲರ್ ಇರುವ ಬುಷ್ ಆ ಬದಿಗೆ ಮಾತ್ರ ಹೊರಬರುತ್ತದೆ.

ರಾಡಿಗೂ ಬಗ್ಗದಿದ್ದರೆ ರಬ್ಬರನ್ನು ಡ್ರಿಲ್ಲಿನಿಂದ ಕೊರೆದು ಒಳಕೊಳವೆಯನ್ನು ಹೊರತೆಗೆದು, ಉಳಿದ ಕವಚವನ್ನು ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ ಸೀಳಬೇಕಾಗುತ್ತದೆ. ಬ್ಲೇಡು ಕವಚವನ್ನು ದಾಟಿ ಆರ್ಮಿಗೆ ತಾಗುವ ಮೊದಲೇ ನಿಲ್ಲಿಸಿ. ಕೊನೆಯ ತೆಳುಪದರವನ್ನು ಉಳಿಯಿಂದ ಒಳಕ್ಕೆ ಮಡಚಿದರೆ ಕವಚದ ಬಿಗಿ ಸಡಿಲುತ್ತದೆ. ರಂಧ್ರದೊಳಗೆ ಆಳವಾದ ಗೀರು ಬಿದ್ದ ಆರ್ಮಿನಲ್ಲಿ ಹೊಸ ಬುಷ್ ಗಟ್ಟಿಯಾಗಿ ಕೂರುವುದು ಅನುಮಾನ.

ಆರ್ಮ್‌ಗಳಿಗೆ ಬಣ್ಣವನ್ನೋ ಪೌಡರ್ ಕೋಟಿಂಗನ್ನೋ ಮಾಡಿಸುವವರು ಬುಷ್‌ನ ರಂಧ್ರವನ್ನೂ ಬೋಲ್ಟು ಒತ್ತುವ ಮುಖಗಳನ್ನೂ ಮುಚ್ಚಿಡಲು ಹೇಳಲೇಬೇಕು. ರಂಧ್ರದೊಳಗಿನ ಬಣ್ಣ ಬುಷ್ ಒಳಹೋಗುವಾಗ ಸುಲಿದು ಮಡಿಕೆಯಾಗುತ್ತದೆ. ಒತ್ತುಮುಖದ ದಪ್ಪ ಬಣ್ಣ ಕಾಲಾನಂತರ ತಗ್ಗಿ ಬೋಲ್ಟು ಸಡಿಲವಾಗುತ್ತದೆ.

ರಸ್ತೆಯಲ್ಲಿ ಓಡಿಸುವ ಕಾರಿಗೆ ಮೂಲ ಗುಣಮಟ್ಟದ ರಬ್ಬರ್ ಬುಷ್ ಹಾಕಿ, ಪಾಲಿಯುರೆಥೇನ್ ಬೇಡ. ಇದು ನನ್ನ ಖಚಿತ ಸಲಹೆ. ಪಾಲಿಯುರೆಥೇನ್ ಬುಷ್ ತಿರುಚಿಕೊಳ್ಳುವ ಬದಲು ಜಾರುತ್ತದೆ, ಆದ್ದರಿಂದ ಅದಕ್ಕೆ ಎತ್ತರದ ಕಟ್ಟುಪಾಡಿಲ್ಲ ಎಂಬುದು ನಿಜ. ಆದರೆ ಅದಕ್ಕೆಂದೇ ಇರುವ ಸಿಲಿಕೋನ್ ಗ್ರೀಸ್ ಒಣಗಿದೊಡನೆ ಕಿರುಗುಟ್ಟುತ್ತದೆ. ಒಂದೇ ಅಕ್ಷದಲ್ಲಿ ಆಡದ ಟ್ರೇಲಿಂಗ್ ಆರ್ಮುಗಳಲ್ಲಿ, ರಬ್ಬರ್ ಓರೆಯಾಗಿ ಬಾಗಿ ಕೊಡುವ ಸಡಿಲವನ್ನು ಅದು ಕೊಡುವುದಿಲ್ಲ. ಇನ್ನು ಬುಷ್ ಸಮೇತ ಪೂರ್ತಿ ಆರ್ಮ್‌ಗಳ ಸೆಟ್ಟನ್ನು ನಂಬಲಾಗದಷ್ಟು ಅಗ್ಗಕ್ಕೆ ಮಾರುವವರಿದ್ದಾರೆ. ಅವುಗಳ ರಬ್ಬರ್ ಹೊಸದಾಗಿರುವಾಗಲೇ ಉಗುರಿಗೆ ಬಿಟ್ಟುಬರುವುದನ್ನು ಕಣ್ಣಾರೆ ಕಂಡಿದ್ದೇನೆ.

ಹೊಸ ಬುಷ್‌ಗಳನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟರೆ ಕವಚ ತುಸು ಕುಗ್ಗಿ ಕೆಲಸ ಹಗುರಾಗುತ್ತದೆ. ರಂಧ್ರದ ತುಕ್ಕನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಸೋಪಿನ ನೀರು ಸವರಿ, ಗೀರಿನ ನೇರಕ್ಕೆ ಹೊಂದಿಸಿ, ರಾಡಿನಿಂದ ಎಳೆಯಿರಿ. ಪೆಟ್ರೋಲಿಯಂ ಗ್ರೀಸ್ ನೈಸರ್ಗಿಕ ರಬ್ಬರನ್ನು ಉಬ್ಬಿಸಿ ಕೊಳೆಯಿಸುವುದರಿಂದ ಅದನ್ನು ಹತ್ತಿರಕ್ಕೂ ತರಬೇಡಿ. ಒತ್ತಡ ಬೀಳಬೇಕಾದದ್ದು ಹೊರಕವಚದ ಅಂಚಿನ ಮೇಲೆ; ನಡುಕೊಳವೆಯನ್ನು ಒತ್ತಿದರೆ ಬುಷ್ ಕೂರುವ ಮೊದಲೇ ರಬ್ಬರಿನ ಅಂಟು ಹರಿದಿರುತ್ತದೆ. ಮೊದಲ ಕೆಲವು ಮಿ.ಮೀ. ಓರೆಯಾಗಿ ಹೋಗುತ್ತಿದ್ದರೆ ಅಲ್ಲೇ ನಿಲ್ಲಿಸಿ, ಹೊರತೆಗೆದು, ಮತ್ತೆ ನೇರವಾಗಿ ಶುರುಮಾಡಿ.

ಜೋಡಣೆ ಮತ್ತು ಕೊನೆಯ ಬಿಗಿತ

ಆರ್ಮ್‌ಗಳನ್ನು ಸ್ವಸ್ಥಾನಕ್ಕೆ ತಂದು ಬೋಲ್ಟು ತೂರಿಸಿ, ನಟ್ಟನ್ನು ಕೈಯಲ್ಲಿ ತಿರುಗುವಷ್ಟೇ ಹಾಕಿ. ಮುಂದಿನ ಸಲಕ್ಕೆ ಅನುಕೂಲವಾಗಲೆಂದು ಬೋಲ್ಟಿನ ಮೈಗೆ ತುಸು ತಾಮ್ರದ ಗ್ರೀಸ್ ಸವರಬಹುದು. ಅದು ಥ್ರೆಡ್ಡಿಗೆ ತಾಗಬಾರದು. ತಾಗಿದರೆ ಟಾರ್ಕ್ ರೆಂಚ್ ತೋರಿಸುವ ಅಂಕಿಗೂ ನಿಜವಾದ ಬಿಗಿತಕ್ಕೂ ಹೊಂದಿಕೆ ಇರುವುದಿಲ್ಲ. ನೈಲಾನ್ ಇರುವ ಲಾಕ್‌ನಟ್ಟುಗಳನ್ನು ಪ್ರತಿಸಲವೂ ಹೊಸದಾಗಿಯೇ ಹಾಕಬೇಕು.

ಈಗ ಸ್ಪ್ರಿಂಗ್ ಹಾಕಬೇಡಿ. ಶಾಕನ್ನೂ ಆ್ಯಂಟಿ ರೋಲ್ ಬಾರಿನ ಲಿಂಕನ್ನೂ ಜೋಡಿಸಬೇಡಿ. ಸ್ಪ್ರಿಂಗ್ ಕೂರಿಸಿದ ಮೇಲೆ ಆರ್ಮನ್ನು ಸರಿಯಾದ ಎತ್ತರಕ್ಕೆ ಎತ್ತಹೋದರೆ ಆ ಮೂಲೆಯ ಇಡೀ ಭಾರ ಜ್ಯಾಕಿನ ಮೇಲೆ ಬಂದು ಕಾರು ಸ್ಟ್ಯಾಂಡಿನಿಂದ ಮೇಲೇಳತೊಡಗುತ್ತದೆ. ಇದು ಅಪಾಯಕಾರಿಯೂ ಹೌದು. ಸ್ಪ್ರಿಂಗ್ ಇಲ್ಲದ ಆರ್ಮ್ ಮಾತ್ರ ಜ್ಯಾಕಿನ ಒಂದೆರಡು ಒತ್ತಿಗೇ ಏಳುತ್ತದೆ. ಹಬ್‌ನ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿಗೆ ನೀವು ಬರೆದಿಟ್ಟ ಅಳತೆ ಬರುವವರೆಗೆ ಎತ್ತಿ, ಆ ಸ್ಥಿತಿಯಲ್ಲಿ ಬುಷ್‌ಗಳ ಪ್ರತಿಯೊಂದು ಬೋಲ್ಟನ್ನೂ ಮ್ಯಾನ್ಯುಯಲ್ ಹೇಳುವ ಟಾರ್ಕಿಗೆ ಬಿಗಿ ಮಾಡಿ, ಬಿಗಿ ಮಾಡಿದ್ದಕ್ಕೆ ಬಣ್ಣದ ಚುಕ್ಕೆ ಇಡಿ. ಅನಂತರ ಆರ್ಮನ್ನು ಇಳಿಸಿ ಸ್ಪ್ರಿಂಗ್ ಕೂರಿಸಿದರೆ ರಬ್ಬರ್ ಸ್ವಲ್ಪ ಹೊತ್ತು ಕೆಳಕ್ಕೆ ತಿರುಚಿಕೊಂಡಿರುತ್ತದೆ, ಅದರಿಂದ ತೊಂದರೆಯಿಲ್ಲ.

ಇ36 ಮತ್ತು ಇ46ರ ಟ್ರೇಲಿಂಗ್ ಆರ್ಮಿನ ಮುಂದಿನ ಬುಷ್‌ಗೆ ಈ ಉಪಾಯ ನಡೆಯದು. ಅದರ ಬ್ರಾಕೆಟ್ಟನ್ನು ಬಾಡಿಗೆ ಜೋಡಿಸಿದ ಮೇಲೆ ನಡುಬೋಲ್ಟು ಕೈಗೆ ಸಿಗುವುದಿಲ್ಲ. ಆದ್ದರಿಂದ ಬ್ರಾಕೆಟ್ಟು ಆರ್ಮಿಗೆ ಯಾವ ಕೋನದಲ್ಲಿರಬೇಕೆಂದು ಮ್ಯಾನ್ಯುಯಲ್ಲಿನಲ್ಲಿ ನೋಡಿ, ಜೋಡಿಸುವ ಮೊದಲೇ ಆ ಕೋನದಲ್ಲಿ ಹಿಡಿದು ಬಿಗಿ ಮಾಡಬೇಕು. ಬ್ರಾಕೆಟ್ಟಿನ ತೂತುಗಳು ಉದ್ದವಾಗಿದ್ದು ಟೋ ಹೊಂದಿಕೆ ಅಲ್ಲಿಯೇ ಆಗುವುದರಿಂದ, ಹಳೆಯ ಸ್ಥಾನದ ಗುರುತು ಬಾಡಿಯ ಮೇಲೆ ಇರಬೇಕು.

ಎರಡು ಕೊಳವೆಯ ಹೊಸ ಶಾಕನ್ನು ನೆಟ್ಟಗೆ ಹಿಡಿದು ಕೆಲವು ಸಲ ಒತ್ತಿ ಎಳೆದು ಒಳಗಿನ ಗಾಳಿ ಬಿಡಿಸಿದ ಮೇಲೆ ಜೋಡಿಸಿ. ಮೇಲಿನ ನಟ್ಟು ತಿರುಗಿಸುವಾಗ ಹೊಳೆಯುವ ಸರಳನ್ನು ಇಕ್ಕಳದಿಂದ ಹಿಡಿಯಬಾರದು, ಒಂದೇ ಗೀರು ಸಾಕು, ಸೀಲು ಹರಿದು ಎಣ್ಣೆ ಸೋರುತ್ತದೆ. ಶಾಕಿನ ಕೆಳಗಿನ ಕಣ್ಣಿನಲ್ಲಿಯೂ ರಬ್ಬರ್ ಬುಷ್ ಇರುವುದರಿಂದ ಅದರ ಬೋಲ್ಟನ್ನು ಕಾರು ತನ್ನ ಚಕ್ರದ ಮೇಲೆ ನಿಂತ ನಂತರವೇ ಬಿಗಿ ಮಾಡಿ. ಅಡಿಗೆ ಹೋಗಲು ಜಾಗ ಸಾಲದಿದ್ದರೆ ನಾಲ್ಕೂ ಚಕ್ರಗಳ ಕೆಳಗೆ ಒಂದೇ ಎತ್ತರದ ಭದ್ರವಾದ ರ್‍ಯಾಂಪ್ ಬೇಕು. ಬ್ರೇಕ್ ಹೋಸು ಬಿಚ್ಚಿದ್ದರೆ ಗಾಳಿ ತೆಗೆಯಿರಿ.

ಕೊನೆಗೆ ಕಾರನ್ನು ನಿಧಾನವಾಗಿ ಓಡಿಸಿಕೊಂಡು ನಾಲ್ಕೂ ಚಕ್ರಗಳ ಅಲೈನ್‌ಮೆಂಟ್ ಮಾಡಿಸಬೇಕು. ಮುಂದಿನ ಚಕ್ರಗಳನ್ನಷ್ಟೇ ನೋಡಿ ಕಳಿಸುವ ಕಡೆಗೆ ಹೋಗಬೇಡಿ. ಅಲೈನ್‌ಮೆಂಟ್ ಮಾಡುವಾಗ ಹಿಂದಿನ ಓರೆಕೇಂದ್ರದ ಬೋಲ್ಟುಗಳನ್ನು ಸಡಿಲಿಸಿದರೆ, ಕಾರನ್ನು ಜ್ಯಾಕಿನಿಂದ ಎತ್ತದೆ, ಚಕ್ರಗಳ ಮೇಲೆ ನಿಂತಿರುವಾಗಲೇ ಮತ್ತೆ ಬಿಗಿ ಮಾಡುವಂತೆ ಕೆಲಸ ಶುರುವಾಗುವ ಮೊದಲೇ ಹೇಳಿ, ಬಿಗಿ ಮಾಡುವವರೆಗೂ ಪಕ್ಕದಲ್ಲಿ ನಿಂತಿರಿ.