ಗೊಬ್ಬರದ ಗುಂಡಿಯಲ್ಲಿ ಸಿಕ್ಕಿದ್ದು ಹಾವಲ್ಲ, ಕಪ್ಪೆಯ ನೆಂಟ: ಗುರುತಿಸುವುದು ಹೇಗೆ?

ಕಳೆದ ಜೂನ್ ಕೊನೆಯ ವಾರ. ನಾಲ್ಕು ದಿನದಿಂದ ಬಿಡದೆ ಮಳೆ. ಅಡಿಕೆ ಬುಡಕ್ಕೆ ಹಾಕಲು ಗುಂಡಿಯಿಂದ ಗೊಬ್ಬರ ತೆಗೆಯುತ್ತಿದ್ದೆವು. ತೋಟದ ಕೆಲಸಕ್ಕೆ ಬರುವ ಅಣ್ಣ "ಹಾವು, ಹಾವು!" ಎಂದು ಕೂಗಿ ಗುದ್ದಲಿ ಎತ್ತಿಬಿಟ್ಟರು. "ತಡೀರಿ ಅಣ್ಣ, ಒಂದ್ನಿಮಿಷ" ಎಂದು ಹತ್ತಿರ ಹೋಗಿ ಕೂತು ನೋಡಿದೆ.

ಒಂದು ಗೇಣಿಗಿಂತ ಸ್ವಲ್ಪ ಉದ್ದ. ಕಿರುಬೆರಳಿನಷ್ಟು ದಪ್ಪ. ಕಪ್ಪು ಎಂದುಕೊಂಡಿದ್ದೆ, ಮೋಡ ಸರಿದು ಬೆಳಕು ಬಿದ್ದಾಗ ಮೈ ನೇರಳೆಯಾಗಿ ಹೊಳೆಯಿತು. ಎರಡೂ ಪಕ್ಕೆಗೆ ತಲೆಯಿಂದ ಕೊನೆಯವರೆಗೆ ಎಳೆದಂತೆ ಹಳದಿ ಪಟ್ಟಿ. ಹೆಡೆಯಿಲ್ಲ, ಬುಸುಗುಟ್ಟುವುದಿಲ್ಲ. ಮೂತಿಯನ್ನು ಮಣ್ಣಿಗೆ ಒತ್ತಿ ಒತ್ತಿ ಒಳಗೆ ಹೋಗಲು ದಾರಿ ಹುಡುಕುತ್ತಿತ್ತು. ಅದು ಸಿಸಿಲಿಯನ್. ಕಾಲಿಲ್ಲದ ಉಭಯವಾಸಿ.

ಉಭಯವಾಸಿಗಳಲ್ಲಿ ಮೂರು ಬಳಗ: ಕಪ್ಪೆಗಳು, ಬಾಲವಿರುವ ಸಾಲಮಾಂಡರ್‌ಗಳು, ಈ ಸಿಸಿಲಿಯನ್‌ಗಳು. "ನಮ್ಮ ತೋಟದಲ್ಲಿ ಸಾಲಮಾಂಡರ್ ಸಿಕ್ಕಿದೆ" ಎಂದು ಕೆಲವರು ಫೋಟೋ ಕಳಿಸುತ್ತಾರೆ. ಕರ್ನಾಟಕದಲ್ಲಿ ಸಾಲಮಾಂಡರ್ ಇಲ್ಲ. ಅದನ್ನು ನೋಡಬೇಕೆಂದರೆ ಡಾರ್ಜಿಲಿಂಗ್ ಕಡೆಗೆ ಹೋಗಬೇಕು. ಅಲ್ಲಿನ ಕೆರೆಗಳಿಗೆ ಮಳೆಗಾಲದಲ್ಲಿ ಮೊಟ್ಟೆ ಇಡಲು ಬರುವ ನ್ಯೂಟ್ ಎಂಬ ಜೀವಿ ಆ ಬಳಗದ್ದು. ನಮ್ಮಲ್ಲಿ ನಾಲ್ಕು ಕಾಲು, ನುಣುಪು ಮೈ, ಉದ್ದ ಬಾಲ ಇರುವುದು ಸಿಕ್ಕಿದರೆ ಅದು ಬಹುಪಾಲು ಹಾವುರಾಣಿ. ಕರಾವಳಿಯಲ್ಲಿ ಅರಣೆ ಎನ್ನುತ್ತಾರಲ್ಲ, ಅದೇ. ಬೆರಳ ತುದಿಯಲ್ಲಿ ಉಗುರು, ಮೈಮೇಲೆ ಒಣಗಿದ ಹುರುಪೆ ಕಂಡರೆ ಅನುಮಾನವೇ ಬೇಡ. ಸಾಲಮಾಂಡರ್‌ನ ಚರ್ಮ ಕಪ್ಪೆಯದರ ಹಾಗೆ ಒದ್ದೆ, ಹುರುಪೆ ಇರುವುದಿಲ್ಲ.

ಕಾಲೇ ಇಲ್ಲದ್ದು ಸಿಕ್ಕಾಗ ಕೆಲಸ ಸ್ವಲ್ಪ ಕಷ್ಟ. ಆಗ ಹೀಗೆ ಮಾಡಿ.

ಮೊದಲು ಕೈ ಹಾಕಬೇಡಿ

ಎರಡು ಹೆಜ್ಜೆ ಹಿಂದೆ ಸರಿದು ನೋಡಿ. ನಮ್ಮಲ್ಲಿ ವಿಷದ ಹಾವುಗಳೂ ಇವೆ, ಅವುಗಳ ಮರಿಗಳೂ ಇದೇ ಗಾತ್ರದಲ್ಲಿರುತ್ತವೆ. ಖಚಿತವಾಗುವವರೆಗೆ ಮುಟ್ಟುವುದು ಬೇಡ. ಸೀಳಿದ ನಾಲಿಗೆಯನ್ನು ಹೊರಗೆ ಚಾಚಿ ಚಾಚಿ ಒಳಗೆಳೆದುಕೊಂಡರೆ ಅದು ಹಾವು. ಸಿಸಿಲಿಯನ್ ಹಾಗೆ ಮಾಡುವುದಿಲ್ಲ.

ಮೈ ನೋಡಿ

ಸಿಸಿಲಿಯನ್‌ನ ಮೈ ಉದ್ದಕ್ಕೂ ಉಂಗುರ ಜೋಡಿಸಿದಂತೆ ಗೆರೆಗಳಿರುತ್ತವೆ. ಎರೆಹುಳು ಎಂದು ಜನ ಮೋಸಹೋಗುವುದು ಇದರಿಂದಲೇ. ಚರ್ಮ ಲೋಳೆ ಲೋಳೆ. ಕೆಲವು ಜಾತಿಗಳ ಮಡಿಕೆಯೊಳಗೆ ಸಣ್ಣ ಹುರುಪೆ ಇದ್ದರೂ ಹೊರಗೆ ಕಾಣುವುದಿಲ್ಲ. ಎಲ್ಲದಕ್ಕೂ ಹಳದಿ ಪಟ್ಟಿ ಇರಲೇಬೇಕೆಂದಿಲ್ಲ, ಪಟ್ಟಿಯೇ ಇಲ್ಲದ, ತಿಳಿಗೆಂಪು ಬಣ್ಣದ ಸಣ್ಣ ಜಾತಿಗಳೂ ಇವೆ. ಮಂಗಳೂರಿನ ಹತ್ತಿರದ ಗುರುಪುರದಲ್ಲಿ ಸಿಕ್ಕ ಅಂಥದ್ದೊಂದಕ್ಕೆ ವಿಜ್ಞಾನಿಗಳು ಹೆಸರಿಟ್ಟಿದ್ದು 1999ರಲ್ಲಿ. ಅಲ್ಲಿಯವರೆಗೆ ಅದು ಎಷ್ಟು ಜನರ ಗುದ್ದಲಿಗೆ ಸಿಕ್ಕಿತ್ತೋ!

ಹೂಕುಂಡದಲ್ಲಿ, ಬಚ್ಚಲಲ್ಲಿ ಕಾಣುವ ಕಪ್ಪು ದಾರದಂಥದ್ದು ಬೇರೆ. ಅದು ಹುಳುಹಾವು. ಮೈ ಒಣ, ಹೊಳಪು ಜಾಸ್ತಿ, ಸರಸರ ಓಡುತ್ತದೆ. ಅದಕ್ಕೂ ವಿಷವಿಲ್ಲ.

ಮುಖ ನೋಡಿ

ನನಗೆ ತುಂಬಾ ಇಷ್ಟವಾಗುವ ಭಾಗ ಇದು. ಎರೆಹುಳುವಿಗೆ ಮುಖವಿಲ್ಲ, ಸಿಸಿಲಿಯನ್‌ಗೆ ಇದೆ. ದವಡೆಯಿದೆ, ಹಲ್ಲಿದೆ, ಚರ್ಮದಡಿ ಮಸುಕಾಗಿ ಕಾಣುವ ಕಣ್ಣಿನ ಚುಕ್ಕೆ ಇದೆ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಸೂಜಿಮೊನೆಯಷ್ಟು ಚಿಕ್ಕ ಮೀಸೆಯಂಥದ್ದೊಂದು ಹೊರಗೆ ಬಂದು ಒಳಗೆ ಹೋಗುತ್ತದೆ. ಕತ್ತಲ ಮಣ್ಣಿನಲ್ಲಿ ದಾರಿ ಮತ್ತು ಊಟ ಹುಡುಕಲು ಅದೇ ಆಸರೆ. ಇಂಥ ಮೀಸೆ ಬೇರೆ ಯಾವ ಉಭಯವಾಸಿಗೂ ಇಲ್ಲ. ಬರಿಗಣ್ಣಿಗೆ ಕಾಣದಿದ್ದರೆ ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಬಾಲ ನೋಡಿ

ಹಾವಿಗೆ ಬಾಲ ಸಪೂರವಾಗುತ್ತಾ ಹೋಗುತ್ತದೆ. ಸಿಸಿಲಿಯನ್‌ಗೆ ಬಾಲ ಇಲ್ಲವೇ ಇಲ್ಲ, ಇದ್ದರೂ ಚೂರೇ ಚೂರು. ಎರಡು ತುದಿಯೂ ಮೊಂಡಾಗಿ ಕಾಣುವುದರಿಂದ "ಎರಡು ತಲೆ ಹಾವು" ಎಂದು ಹೆದರುವವರಿದ್ದಾರೆ. ಆದರೆ ಕೊನೆ ಓರೆಯಾಗಿ ಕತ್ತರಿಸಿದಂತಿದ್ದು, ಒರಟಾಗಿ, ಮಣ್ಣು ಮೆತ್ತಿಕೊಂಡಿದ್ದರೆ ಅದು ಶೀಲ್ಡ್‌ಟೇಲ್ ಎಂಬ ನಿರುಪದ್ರವಿ ಹಾವು. ಘಟ್ಟದ ತೋಟಗಳಲ್ಲಿ ಅದೂ ಸಿಗುತ್ತದೆ.

ಗುರುತು ಸಿಕ್ಕಿತು, ಮುಂದೆ?

ಮೊದಲು ಫೋಟೋ. ತಲೆಯನ್ನು ಪಕ್ಕದಿಂದ, ಮೇಲಿನಿಂದ, ಬಾಲದ ತುದಿಯನ್ನು ಹತ್ತಿರದಿಂದ, ಆಮೇಲೆ ಪೂರ್ತಿ ಮೈ. ಪಕ್ಕದಲ್ಲೊಂದು ನಾಣ್ಯ ಇಡಿ, ಗಾತ್ರ ತಿಳಿಯುತ್ತದೆ. ಮೈಮೇಲಿನ ಉಂಗುರಗಳು ಸ್ಪಷ್ಟವಾಗಿ ಬರಲಿ. ತಜ್ಞರು ಜಾತಿ ಗುರುತಿಸುವಾಗ ಅವನ್ನು ಎಣಿಸುತ್ತಾರೆ. ಜೀವಿಗಳ ಫೋಟೋ ಹಂಚಿಕೊಳ್ಳುವ ಜಾಲತಾಣಗಳಾದ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿದರೆ ಗೊತ್ತಿದ್ದವರು ಹೆಸರು ಹೇಳುತ್ತಾರೆ.

ಎತ್ತಲು ನಾನು ಬಳಸುವುದು ಅಡಿಕೆ ಹಾಳೆ. ನೀರಲ್ಲಿ ಅದ್ದಿ, ಮೆಲ್ಲಗೆ ಅದರಡಿ ತೂರಿಸಿದರೆ ಪ್ರಾಣಿ ತಾನಾಗಿ ಹಾಳೆಯ ಮಡಿಕೆಗೆ ಜಾರುತ್ತದೆ. ಒಣ ಕೈಯಲ್ಲಿ ಹಿಡಿಯಬೇಡಿ. ಅದರ ಚರ್ಮದಿಂದಲೂ ಉಸಿರಾಟ ನಡೆಯುತ್ತದೆ, ಒಣಗಿದರೆ ಉಳಿಯುವುದಿಲ್ಲ. ಇಂಬಳಕ್ಕೆ ಹಾಕಿದಂತೆ ಉಪ್ಪನ್ನಂತೂ ಹಾಕಲೇಬೇಡಿ, ನರಳಿ ಸಾಯುತ್ತದೆ. ಮುಟ್ಟಿದ್ದರೆ ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಲೋಳೆ ಕಣ್ಣಿಗೆ ತಾಗಬಾರದು.

ಅದನ್ನು ಬಾಟಲಿಯಲ್ಲಿಟ್ಟು ಮನೆಗೆ ಒಯ್ಯುವುದು ಬೇಡ. ಗುದ್ದಲಿ ಬೀಳದ ಕಡೆ, ನೆರಳಿನ ಹಸಿ ಮಣ್ಣಲ್ಲಿ ಬಿಟ್ಟು ತರಗೆಲೆ ಮುಚ್ಚಿ. ಎರೆಹುಳು, ಗೆದ್ದಲು ತಿಂದುಕೊಂಡು, ಮಣ್ಣನ್ನು ಸಡಿಲ ಮಾಡಿಕೊಂಡು ಇರುತ್ತದೆ. ಮಣ್ಣಿನ ಗೂಡಿನಲ್ಲಿ ಮೊಟ್ಟೆಗಳ ಗೊಂಚಲನ್ನು ಸುತ್ತಿಕೊಂಡು ಮಲಗಿದ್ದು ಕಂಡರೆ, ಅದು ತಾಯಿ. ಮರಿಯಾಗುವವರೆಗೆ ಕಾವಲು ಕೂರುತ್ತದೆ. ಎತ್ತದೆ, ಫೋಟೋಗೂ ಕದಲಿಸದೆ, ತೆಗೆದ ಮಣ್ಣನ್ನೇ ಹಗುರಾಗಿ ಮುಚ್ಚಿ, ಅವತ್ತು ಆ ಮೂಲೆ ಬಿಟ್ಟು ಅಗೆಯಿರಿ.

ಇನ್ನಷ್ಟು ನೋಡುವ ಆಸೆಯೇ?

ಮಳೆ ಹಿಡಿದ ಮೇಲೆ ರಾತ್ರಿ ಎಂಟರ ಹೊತ್ತಿಗೆ ಗಮ್‌ಬೂಟು ಹಾಕಿ, ಟಾರ್ಚ್ ಹಿಡಿದು, ಒಬ್ಬರನ್ನು ಜೊತೆಗೆ ಕರೆದುಕೊಂಡು ಹೊರಡಿ. ಹಳ್ಳದ ಬದಿಯಲ್ಲಿ ಟಾರ್ಚ್ ಆರಿಸಿ ಸುಮ್ನೆ ಹತ್ತು ನಿಮಿಷ ನಿಲ್ಲಿ. ಮೊದಲು ಬರೀ ಗದ್ದಲ, ಆಮೇಲೆ ಕಪ್ಪೆಗಳ ಒಂದೊಂದೇ ದನಿ ಬೇರೆಯಾಗುತ್ತದೆ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ತನ್ನ ಮೊಟ್ಟೆಗಳಿಗೆ ಕೈಯಿಂದ ಕೆಸರು ಮೆತ್ತುವ ಕಪ್ಪೆಯೊಂದಿದೆ. 2014ರಲ್ಲಿ ಅದಕ್ಕೆ ಕುಂಬಾರನ ಹೆಸರನ್ನೇ ಇಟ್ಟರು. ಎಂಥ ಒಪ್ಪುವ ಹೆಸರು, ಅಲ್ವಾ?

ಸಿಸಿಲಿಯನ್‌ಗಳೂ ಅಂಥ ರಾತ್ರಿ ಮೇಲೆ ಬರುತ್ತವೆ, ಡಾಂಬರು ರಸ್ತೆಗೂ ಬರುತ್ತವೆ. ಗಾಡಿಯ ಬೆಳಕಿನಲ್ಲಿ ಎರೆಹುಳುವಿಗಿಂತ ದಪ್ಪನೆಯದೇನೋ ಹರಿದರೆ ನಿಧಾನಿಸಿ. ಹಿಂದೆ ಮುಂದೆ ವಾಹನ ಇಲ್ಲದ್ದು ಖಾತ್ರಿಯಾದರೆ ಇಳಿದು ನೋಡಿ. ಹಾಳೆ ಇಲ್ಲದಿದ್ದರೆ ಒದ್ದೆ ಎಲೆಯಾದರೂ ಆದೀತು. ಅದು ಯಾವ ಬದಿಗೆ ಹೊರಟಿತ್ತೋ ಆ ಬದಿಗೇ ಬಿಡಿ.