ಮೆಚ್ಚಿನ ಡೆತ್ ಮೆಟಲ್ ಬೇಸಿಸ್ಟ್‌ಗೆ ಅಭಿಮಾನ ತೋರಿಸೋದು ಹೇಗೆ: ಮೊದಲು ಕಿವಿ, ಆಮೇಲೆ ಬಾಯಿ

ಡೆತ್ ಮೆಟಲ್ ಅಂದ್ರೆ ಗರ್ಜಿಸೋ ದನಿಯ, ಅಬ್ಬರದ ರಾಕ್ ಸಂಗೀತ, ಅಂಥ ಬ್ಯಾಂಡಲ್ಲಿ ಬೇಸ್, ಅಂದ್ರೆ ತಗ್ಗು ಸ್ವರದ ಗಿಟಾರ್, ನುಡಿಸೋರು ಎಲೆಮರೆ ಕಾಯಿ ಇದ್ದ ಹಾಗೆ. ಗಾಯಕನ ಗರ್ಜನೆ ಎಲ್ರಿಗೂ ಕೇಳತ್ತೆ, ಗಿಟಾರ್ ಸೋಲೋ ಬಂದ ತಕ್ಷಣ ಎಲ್ರ ಕಣ್ಣೂ ಆ ಕಡೆ ತಿರುಗತ್ತೆ, ಡ್ರಮ್ಸ್ ಅಂತೂ ನೇರ ಎದೆಗೇ ಬಂದು ಹೊಡಿಯತ್ತೆ, ಆದ್ರೆ ಸ್ಟೇಜಿನ ಒಂದು ಪಕ್ಕದಲ್ಲಿ ತಲೆ ಬಗ್ಗಿಸಿ ನಿಂತು ಇಡೀ ಹಾಡನ್ನ ಕೆಳಗಿಂದ ಹೊತ್ಕೊಂಡಿರೋ ಮನುಷ್ಯ ಏನು ಮಾಡ್ತಿದಾನೆ ಅಂತ ಗಮನಿಸೋರು ಕಮ್ಮಿ. ಆ ಮನುಷ್ಯ ಸ್ವಭಾವದಲ್ಲೂ ಸರಳ, ಮೃದು, ತನ್ನ ಬಗ್ಗೆ ತಾನು ಹೇಳ್ಕೊಳ್ಳದವನು ಆಗಿದ್ರೆ ಅಭಿಮಾನಿಗಳಿಗೆ ಒಂದು ವಿಚಿತ್ರ ಕಷ್ಟ ಶುರುವಾಗತ್ತೆ, ಇಷ್ಟೊಂದು ಪ್ರೀತಿ ಇದೆ, ಇದನ್ನ ಹೇಳೋದು ಹೇಗೆ? "ನೀವೇ ದೇವ್ರು" ಅಂದ್ರೆ ಅವನಿಗೆ ಮುಜುಗರ, ಏನೂ ಹೇಳದೇ ಬಂದ್ರೆ ನಿಮಗೆ ಸಂಕಟ. ಇಷ್ಟು ವರ್ಷ ಕೇಳ್ತಾ, ಶೋಗಳಿಗೆ ಹೋಗ್ತಾ ನಾನು ಕಲ್ತಿದ್ದನ್ನ ಇಲ್ಲಿ ಬರೀತಿದೀನಿ.

ಮೊದಲು ಒಂದು ಉದಾಹರಣೆ, ಯಾಕಂದ್ರೆ ಈ ಮಾತು ಬಂದಾಗೆಲ್ಲ ಮೆಟಲ್ ಕೇಳೋರ ಬಾಯಲ್ಲಿ ಬರೋ ಮೊದಲ ಹೆಸರುಗಳಲ್ಲಿ ಇವರದ್ದೂ ಒಂದು. ಅಲೆಕ್ಸ್ ವೆಬ್‌ಸ್ಟರ್. 1988ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಶುರುವಾದ ಕ್ಯಾನಿಬಲ್ ಕಾರ್ಪ್ಸ್ ಬ್ಯಾಂಡಿನ ಬೇಸಿಸ್ಟ್. ಶುರುವಿನಿಂದ ಇವತ್ತಿನವರೆಗೂ ಆ ಬ್ಯಾಂಡಲ್ಲಿ ಉಳಿದಿರೋರು ಇಬ್ಬರೇ, ಇವರು ಮತ್ತು ಡ್ರಮ್ಮರ್ ಪಾಲ್ ಮಜುರ್ಕಿವಿಜ್. ಹಾಡಿನ ಸಾಹಿತ್ಯ ಎಷ್ಟು ರಕ್ತಮಯ ಅಂದ್ರೆ ಜರ್ಮನಿಯಲ್ಲಿ ಮೊದಲ ಮೂರು ಆಲ್ಬಮ್ಮಿನ ಹಾಡುಗಳನ್ನ 2006ರವರೆಗೂ ಸ್ಟೇಜ್ ಮೇಲೆ ನುಡಿಸೋ ಹಾಗೇ ಇರಲಿಲ್ಲ. ಅಂಥ ಬ್ಯಾಂಡಿನ ಮನುಷ್ಯ ಇಂಟರ್ವ್ಯೂಗೆ ಕೂತ್ರೆ ತಣ್ಣಗೆ, ಮರ್ಯಾದೆಯಾಗಿ, ಒಂದೊಂದು ಪ್ರಶ್ನೆಗೂ ಪೂರ್ತಿ ಉತ್ತರ ಕೊಡ್ತಾ ಮಾತಾಡ್ತಾರೆ, ತಾನು ನುಡಿಸೋ ರೀತಿನ ಗುಟ್ಟಾಗಿ ಇಟ್ಕೊಳ್ಳದೆ 2011ರಲ್ಲಿ ಎಕ್ಸ್‌ಟ್ರೀಮ್ ಮೆಟಲ್ ಬೇಸ್ ಕಲಿಸೋಕೆ ಅಂತಾನೇ ಒಂದು ಪುಸ್ತಕ ಬರೆದ್ರು. ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ, ನನಗಂತೂ ಆ ಮಾತು ಅರ್ಥ ಆಗಿದ್ದು ಇಂಥವರನ್ನ ನೋಡಿ.

ಸರಿ, ಈಗ ಕೆಲಸಕ್ಕೆ ಬರೋಣ. ಅಭಿಮಾನ ತೋರಿಸೋದು ಶೋ ದಿನ ಅಲ್ಲ, ಮನೆಯಲ್ಲಿ ಹೆಡ್‌ಫೋನ್ ಹಾಕೊಂಡಾಗ್ಲೇ ಶುರುವಾಗತ್ತೆ. ಫೋನಿನ ಸ್ಪೀಕರಲ್ಲಿ ಡೆತ್ ಮೆಟಲ್ ಕೇಳಿದ್ರೆ ಬೇಸ್ ನಿಜವಾಗಿ ನಿಮಗೆ ಸಿಕ್ಕೇ ಇಲ್ಲ ಅಂತ ತಿಳ್ಕೊಳ್ಳಿ. ನಾಲ್ಕು ತಂತಿಯ ಬೇಸಲ್ಲಿ ಎಲ್ಲಕ್ಕಿಂತ ಕೆಳಗಿನ ಇ ತಂತಿ ಸುಮಾರು 41 ಹರ್ಟ್ಸ್, ಐದು ತಂತಿಯದ್ರಲ್ಲಿ ಬಿ ತಂತಿ ಸುಮಾರು 31 ಹರ್ಟ್ಸ್, ಈ ಬ್ಯಾಂಡುಗಳು ಅದನ್ನೂ ಇನ್ನಷ್ಟು ಇಳಿಸಿ ಟ್ಯೂನ್ ಮಾಡ್ತಾರೆ, ಅಷ್ಟು ಪುಟ್ಟ ಸ್ಪೀಕರಿಗೆ ಆ ಆಳದ ಶಬ್ದ ಹೊರಡಿಸೋಕೆ ಆಗಲ್ಲ, ನಿಮಗೆ ಕೇಳೋದು ಮೇಲಿನ ಪದರ ಮಾತ್ರ. ಇನ್ನೊಂದು ತೊಂದರೆ ಏನಂದ್ರೆ ಗಿಟಾರುಗಳೂ ಕೆಳಗೆ ಇಳಿದಿರತ್ವೆ, ಎರಡೂ ಕಾಲಲ್ಲಿ ಹೊಡೆಯೋ ಡಬಲ್ ಕಿಕ್ ಡ್ರಮ್ ಬೇರೆ ಅದೇ ಜಾಗದಲ್ಲಿ ದಡಬಡ ಅಂತಿರತ್ತೆ, ಇವೆರಡರ ಸಂದಿಯಲ್ಲಿ ಬೇಸ್ ಸಿಕ್ಕಾಕೊಂಡಿರತ್ತೆ. ಹಾಗಾಗಿ ಸುಮಾರಾದ ಹೆಡ್‌ಫೋನ್ ಆದ್ರೂ ಸಾಕು, ಈಕ್ವಲೈಜರಲ್ಲಿ ಬೇಸ್ ಪೂರ್ತಿ ಏರಿಸೋಕೆ ಹೋಗ್ಬೇಡಿ, ಅದ್ರಿಂದ ಕಿಕ್ ಡ್ರಮ್ ಮಾತ್ರ ಊದ್ಕೊಳ್ಳತ್ತೆ, ಮಧ್ಯದ 700ರಿಂದ 1000 ಹರ್ಟ್ಸ್ ಸುತ್ತ ಸ್ವಲ್ಪ ಎತ್ತಿ ನೋಡಿ, ಬೆರಳು ತಂತಿಗೆ ತಾಗೋ ಆ ಟಕಟಕ ಸದ್ದು ಎದ್ದು ಬರತ್ತೆ. ಒಂದು ಸಲ ಆ ಸದ್ದು ಹಿಡಿದ್ರೆ ಮುಗೀತು, ಆಮೇಲೆ ಕಿವಿ ತಾನಾಗೇ ಹಿಂಬಾಲಿಸತ್ತೆ.

ಎಲ್ಲಿಂದ ಶುರು ಮಾಡೋದು ಅಂದ್ರೆ, ಕ್ಯಾನಿಬಲ್ ಕಾರ್ಪ್ಸ್‌ನ 1992ರ ಆಲ್ಬಮ್ಮಲ್ಲಿ ಇರೋ ಹ್ಯಾಮರ್ ಸ್ಮ್ಯಾಶ್ಡ್ ಫೇಸ್ ಹಾಡಲ್ಲಿ ಒಂದು ಕಡೆ ಎಲ್ಲರೂ ನಿಂತು ಬೇಸ್ ಒಂದೇ ಮುಂದೆ ಬರತ್ತೆ, ಕೆಲವೇ ಕ್ಷಣ, ಅದನ್ನ ಹತ್ತು ಸಲ ಕೇಳಿ. ಗರ್ಜನೆ ನಿಮಗೆ ಅಭ್ಯಾಸ ಇಲ್ಲ ಅಂದ್ರೆ ವೆಬ್‌ಸ್ಟರ್ ಅವರು ಗಿಟಾರಿಸ್ಟ್ ರಾನ್ ಜಾರ್ಜೊಂಬೆಕ್ ಜೊತೆ ಮಾಡಿದ ಬ್ಲಾಟೆಡ್ ಸೈನ್ಸ್ ಅನ್ನೋ ಬ್ಯಾಂಡ್ ಇದೆ, 2007ರಲ್ಲಿ ಮೊದಲ ಆಲ್ಬಮ್ ಬಂತು, ಅದ್ರಲ್ಲಿ ಹಾಡೋರೇ ಇಲ್ಲ, ಬೇಸ್ ಏನು ಮಾಡ್ತಿದೆ ಅನ್ನೋದು ಬಿಡಿಬಿಡಿಯಾಗಿ ಕೇಳತ್ತೆ. ಹಾಗೇ ಬೇಸಿಸ್ಟ್ ಸ್ಟೀವ್ ಡಿ ಜಾರ್ಜಿಯೊ ಡೆತ್ ಅನ್ನೋ ಹೆಸರಿನ ಬ್ಯಾಂಡಿನ 1993ರ ಆಲ್ಬಮ್ಮಲ್ಲಿ ಫ್ರೆಟ್ಲೆಸ್ (ಕತ್ತಿನ ಮೇಲೆ ಅಡ್ಡ ಪಟ್ಟಿಗಳಿಲ್ಲದ) ಬೇಸ್ ನುಡಿಸಿದಾರೆ, ಸ್ವರದಿಂದ ಸ್ವರಕ್ಕೆ ಜಾರೋ ಆ ದನಿ ಕೇಳಿದ್ರೆ ಡೆತ್ ಮೆಟಲಲ್ಲಿ ಇಷ್ಟು ನಯ ಇರತ್ತಾ ಅನ್ಸತ್ತೆ. ಮತ್ತೆ ಏಥಿಯಿಸ್ಟ್ ಬ್ಯಾಂಡಿನ 1991ರ ಆಲ್ಬಮ್ ಬಿಡ್ಬೇಡಿ. ಅದರ ಬೇಸಿಸ್ಟ್ ರೋಜರ್ ಪ್ಯಾಟರ್ಸನ್ ಆ ವರ್ಷ ಫೆಬ್ರವರಿಯಲ್ಲಿ ಟೂರ್ ಮುಗಿಸಿ ಬರ್ತಾ ರಸ್ತೆ ಅಪಘಾತದಲ್ಲಿ ತೀರ್ಕೊಂಡ್ರು, ಅವರು ಕಟ್ಟಿದ್ದ ಸಾಲುಗಳನ್ನ ಟೋನಿ ಚಾಯ್ ಕಲಿತು ರೆಕಾರ್ಡ್ ಮಾಡಿದ್ರು. ಒಬ್ಬ ಬೇಸಿಸ್ಟ್ ಇನ್ನೊಬ್ಬ ಬೇಸಿಸ್ಟ್‌ಗೆ ಕೊಡಬಹುದಾದ ಗೌರವ ಇದಕ್ಕಿಂತ ದೊಡ್ಡದು ನನಗೆ ಗೊತ್ತಿಲ್ಲ.

ಆಮೇಲೆ ಕೈ. ನಿಮಗೆ ಬೇಸ್ ನುಡಿಸೋಕೆ ಬರದೇ ಇದ್ರೂ ಪರವಾಗಿಲ್ಲ, ಮೇಜಿನ ಮೇಲೆ ಮಾಡಿ ನೋಡಿ. ತುಂಬಾ ಬೇಸಿಸ್ಟುಗಳು ಬಲಗೈಯಲ್ಲಿ ಎರಡು ಬೆರಳು ಬಳಸ್ತಾರೆ, ವೆಬ್‌ಸ್ಟರ್ ಥರದವರು ಮೂರು, ಉಂಗುರ ಬೆರಳು, ಮಧ್ಯದ್ದು, ತೋರುಬೆರಳು, ಮತ್ತೆ ಉಂಗುರ, ಹೀಗೇ ಸುತ್ತತಾ ಇರತ್ತೆ. ಈಗ ಹಾಡಿನ ಒಂದು ಬೀಟಿಗೆ ನಾಲ್ಕು ಹೊಡೆತ, ಬೆರಳು ಮೂರೇ, ಅಂದ್ರೆ ಮೊದಲ ಬೀಟ್ ಉಂಗುರ ಬೆರಳಿಂದ ಶುರುವಾದ್ರೆ ಎರಡನೇ ಬೀಟ್ ಮಧ್ಯದ ಬೆರಳಿಗೆ ಬೀಳತ್ತೆ, ಮೂರನೇದು ತೋರುಬೆರಳಿಗೆ, 12 ಹೊಡೆತ ಆದ್ಮೇಲೇ ಮತ್ತೆ ಉಂಗುರ ಬೆರಳಿಗೆ ಬರೋದು. ಪ್ರತಿ ಬೀಟಿನ ಒತ್ತು ಬೇರೆ ಬೇರೆ ಬೆರಳಿಗೆ ಬಂದ್ರೂ ಕೇಳೋರಿಗೆ ಒಂದೇ ಸಮ ಕೇಳ್ಬೇಕು. ತಾಳ ಹಾಕೋ ಮೆಟ್ರೊನೋಮನ್ನ ನಿಮಿಷಕ್ಕೆ 60 ಬೀಟಿಗೆ ಇಟ್ಟು ಒಂದೇ ಒಂದು ನಿಮಿಷ ಮಾಡಿ. ಉಂಗುರ ಬೆರಳು ಎಷ್ಟು ದುರ್ಬಲ ಅಂತ ಅರ್ಧ ನಿಮಿಷಕ್ಕೇ ಗೊತ್ತಾಗತ್ತೆ, ಸದ್ದು ಕುಂಟತ್ತೆ, ಮಣಿಕಟ್ಟು ಬಿಗಿಯಾಗತ್ತೆ (ನೋವಾದ್ರೆ ನಿಲ್ಸಿ, ಹಠ ಬೇಡ). ಇವರು ಇದನ್ನ ಮೂರು ನಾಲ್ಕು ಪಟ್ಟು ವೇಗದಲ್ಲಿ, ಒಂದೊಂದು ಶೋನಲ್ಲಿ ಸುಮಾರು ಒಂದು ಗಂಟೆ ಹೊತ್ತು, ದಶಕಗಳಿಂದ ಮಾಡ್ಕೊಂಡು ಬಂದಿದಾರೆ. ಇದನ್ನ ಬೆರಳಲ್ಲೇ ಅನುಭವಿಸಿದ ಮೇಲೆ ನಿಮ್ಮ ಮೆಚ್ಚುಗೆಗೆ ಒಂದು ತೂಕ ಬರತ್ತೆ, ಬಾಯಿಂದ ಬರೋ ಮಾತೇ ಬೇರೆಯಾಗತ್ತೆ.

ಈಗ ಭೇಟಿ. ಇದ್ರಲ್ಲಿ ನಾನು ಒಂದ್ಸಲ ಎಡವಿದೀನಿ, ಅದನ್ನೇ ಹೇಳ್ತೀನಿ. ಒಂದು ಸಣ್ಣ ಹಾಲಲ್ಲಿ ಶೋ ಮುಗ್ದಿತ್ತು, ನಾನು ತುಂಬಾ ಇಷ್ಟಪಡೋ ಬೇಸಿಸ್ಟ್, ಹೆಸರು ಬೇಡ, ಸ್ಟೇಜಿನ ಅಂಚಲ್ಲಿ ಮಂಡಿಯೂರಿ ತನ್ನ ಕೇಬಲ್ ತಾನೇ ಸುತ್ತುತಾ ಇದ್ರು. ಒಂದು ಸುತ್ತು ಮೇಲಿಂದ, ಒಂದು ಸುತ್ತು ಒಳಗಿಂದ, ತಂತಿ ತಿರುಚಿಕೊಳ್ಳದ ಹಾಗೆ, ಅವಸರವೇ ಇಲ್ಲ, ಬಲಗೈ ಬೆರಳ ತುದಿಗೆ ಸುತ್ತಿದ್ದ ಟೇಪ್ ಬೆವರಿಗೆ ಬಿಟ್ಕೊಂಡು ನೇತಾಡ್ತಿತ್ತು. ನನಗೆ ಎದೆ ಡವಡವ. ಹತ್ರ ಹೋಗಿ ನೀವು ಪ್ರಪಂಚದಲ್ಲೇ ಬೆಸ್ಟ್ ಅಂದೆ. ಅವರು ನಕ್ಕು ಥ್ಯಾಂಕ್ಸ್ ಅಂದು ತಲೆ ಬಗ್ಗಿಸಿದ್ರು. ಅಷ್ಟೇ, ಮಾತು ಅಲ್ಲಿಗೇ ಸತ್ತೋಯ್ತು. ನಿಗರ್ವಿ ಮನುಷ್ಯನಿಗೆ ಅಂಥ ಮಾತನ್ನ ಹೌದು ಅನ್ನೋಕೂ ಆಗಲ್ಲ ಅಲ್ಲ ಅನ್ನೋಕೂ ಆಗಲ್ಲ, ಪಾಪ ಅವರನ್ನ ನಾನೇ ಇಕ್ಕಟ್ಟಿಗೆ ಸಿಕ್ಕಿಸಿದ್ದೆ. ಮುಂದಿನ ವರ್ಷ ಅದೇ ಬ್ಯಾಂಡ್ ನೋಡೋಕೆ ಹೋದಾಗ ಮೊದಲೇ ತಯಾರಾಗಿ ಹೋಗಿದ್ದೆ, ಒಂದು ಹಾಡಲ್ಲಿ ಗಿಟಾರ್ ಅದೇ ರಿಫ್ (ಮತ್ತೆ ಮತ್ತೆ ಬರೋ ಸ್ವರಗಳ ಸಾಲು) ಎರಡನೇ ಸಲ ನುಡಿಸ್ವಾಗ ಬೇಸ್ ಮಾತ್ರ ಒಂದು ಸ್ವರ ಕೆಳಗೆ ಇಳಿಯತ್ತೆ, ಅದ್ರಿಂದ ಇಡೀ ಭಾಗ ಕತ್ತಲಾಗತ್ತೆ, ಅದನ್ನ ಹೇಳ್ದೆ. ಅವರು ಕೇಬಲ್ ಕೆಳಗಿಟ್ರು. ಅದು ರೆಕಾರ್ಡಲ್ಲಿ ಕೇಳಿಸ್ತಾ ಅಂತ ಎರಡು ಸಲ ಕೇಳಿದ್ರು, ಹಿಂದೆ ಸಿಂಬಲ್ ಬಿಚ್ತಾ ಇದ್ದ ಡ್ರಮ್ಮರನ್ನ ಕರೆದು ಇವ್ರಿಗೆ ಕೇಳಿಸಿದೆಯಂತೆ ನೋಡು ಅಂದ್ರು, ಆಮೇಲೆ ಆ ಸ್ವರ ಹೇಗೆ ಬಂತು ಅಂತ ಹತ್ತು ನಿಮಿಷ ಹೇಳಿದ್ರು, ಕೊನೆಗೆ ನೀನು ನುಡಿಸ್ತೀಯಾ ಅಂತ ನನ್ನ ಬಗ್ಗೆ ವಿಚಾರಿಸಿದ್ರು. ಆ ಹತ್ತು ನಿಮಿಷ ಇವತ್ತಿಗೂ ನನ್ನ ಹತ್ರ ಹಾಗೇ ಇದೆ.

ಹಾಗಾಗಿ ಹೋಗೋ ಮುಂಚೆ ಒಂದೇ ಒಂದು ವಿಷಯ ಆರಿಸ್ಕೊಳ್ಳಿ, ಒಂದು ಹಾಡು, ಆ ಹಾಡಲ್ಲಿ ಒಂದು ಜಾಗ. ಎರಡು ವಾಕ್ಯದಲ್ಲಿ ಹೇಳಿ. ಆಮೇಲೆ ಸುಮ್ನಿರಿ, ಅವರಿಗೆ ಮಾತಾಡೋ ಮನಸ್ಸಿದ್ರೆ ಮುಂದುವರಿಸ್ತಾರೆ. ಹಿಂದೆ ಜನ ಕಾಯ್ತಿದ್ರೆ ಅರ್ಧ ನಿಮಿಷ ಸಾಕು. ಫೋಟೋ ಬೇಕಂದ್ರೆ ಕೇಳಿ ತಗೊಳ್ಳಿ, ಹೆಗಲ ಮೇಲೆ ಕೈ ಹಾಕೋದು ಅವರು ಹಾಕಿದ್ರೆ ಮಾತ್ರ, ಕ್ಯಾಮೆರಾ ಮೊದಲೇ ತೆರೆದಿಟ್ಕೊಂಡಿರಿ. ಸಹಿಗೆ ಒಂದು ವಸ್ತು ತಗೊಂಡೋಗಿ, ಹನ್ನೆರಡು ಕವರ್ ಹೊತ್ಕೊಂಡು ಹೋಗ್ಬೇಡಿ, ಒಳ್ಳೆಯವರು ಬೇಡ ಅನ್ನಲ್ಲ ಅನ್ನೋದೇ ನಾವು ಹುಷಾರಾಗಿರೋಕೆ ಕಾರಣ. ಬ್ಯಾಂಡ್ ಬಿಟ್ಟೋರ ಬಗ್ಗೆ, ಯಾರ ಜೊತೆ ಜಗಳ ಆಯ್ತು ಅನ್ನೋದ್ರ ಬಗ್ಗೆ ಕೇಳ್ಬೇಡಿ. ಇಷ್ಟು ಸೌಮ್ಯವಾಗಿರೋ ನೀವು ಇಂಥ ಹಾಡು ಯಾಕೆ ನುಡಿಸ್ತೀರಾ ಅನ್ನೋ ಪ್ರಶ್ನೆನೂ ಬೇಡ, ಅದನ್ನ ಅವರು ಜೀವಮಾನವಿಡೀ ಕೇಳಿಸ್ಕೊಂಡಿರ್ತಾರೆ. ಗಾಡಿಗೆ ಸಾಮಾನು ಹೇರ್ತಿದ್ರೆ, ಊಟ ಮಾಡ್ತಿದ್ರೆ, ಕಣ್ಣು ಎಳೀತಿದ್ರೆ ದೂರದಿಂದ ಕೈ ಎತ್ತಿ ಬಂದ್ಬಿಡಿ. ದಣಿದಿರೋ ಮನುಷ್ಯ ಒಂದಿನ ಮಾತಾಡದೇ ಹೋದ್ರೆ ಅವನ ಒಳ್ಳೆತನ ಸುಳ್ಳು ಅಂತ ಎಲ್ಲೂ ಬರೀಬೇಡಿ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳ್ತೀನಿ: ಬ್ಯಾಂಡಿನವರೇ ಇಟ್ಟಿರೋ ಮೇಜಿಂದ ಟೀ ಶರ್ಟೋ ರೆಕಾರ್ಡೋ ತಗೊಳ್ಳಿ, ನಕಲಿ ಶರ್ಟ್ ಹಾಕೊಂಡು ಅವರ ಮುಂದೆ ನಿಲ್ಬೇಡಿ.

ಜನರ ಮಧ್ಯೆ ನಡ್ಕೊಳ್ಳೋ ರೀತಿನೂ ಇದ್ರಲ್ಲಿ ಸೇರತ್ತೆ. ಪಿಟ್ಟಲ್ಲಿ, ಅಂದ್ರೆ ಸ್ಟೇಜ್ ಮುಂದೆ ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡ್ಕೊಂಡು ಕುಣಿಯೋ ಜಾಗದಲ್ಲಿ, ಯಾರಾದ್ರೂ ಬಿದ್ರೆ ತಕ್ಷಣ ಎತ್ತೋದು ಮೆಟಲ್ ಶೋಗಳ ಹಳೇ ನಿಯಮ, ಅದನ್ನ ಎಲ್ಲರಿಗಿಂತ ಮೊದಲು ನೀವು ಮಾಡಿ. ಕಿವಿಗೆ ಪ್ಲಗ್ ಹಾಕ್ಕೊಳ್ಳಿ, 100 ಡೆಸಿಬೆಲ್ ಶಬ್ದದಲ್ಲಿ ಕಾಲು ಗಂಟೆ ಕಳೆದ್ರೆ ಒಂದು ದಿನಕ್ಕೆ ಸುರಕ್ಷಿತ ಅನ್ನೋ ಮಿತಿ ಮುಗೀತು ಅಂತ ಕೆಲಸದ ಜಾಗದ ಆರೋಗ್ಯ ನೋಡೋ ಅಮೆರಿಕದ ಸಂಸ್ಥೆ ಹೇಳತ್ತೆ, ಶೋ ಅದಕ್ಕಿಂತ ಎಷ್ಟೋ ಹೊತ್ತು ನಡಿಯತ್ತೆ, ಕಿವಿ ಹೋದ್ರೆ ಬೇಸ್ ಕೇಳೋದು ಹೇಗೆ. ಮತ್ತೆ ನಿಮ್ಮ ಇಷ್ಟದ ಬೇಸಿಸ್ಟನ್ನ ಹೊಗಳೋಕೆ ಬೇರೆಯವರನ್ನ ತುಳೀಬೇಡಿ, ಬೆರಳು ಬಿಟ್ಟು ಪಿಕ್ಕಲ್ಲಿ (ತಂತಿ ಮೀಟೋ ಪುಟ್ಟ ಬಿಲ್ಲೆಯಲ್ಲಿ) ನುಡಿಸೋರು ಬೇಸಿಸ್ಟೇ ಅಲ್ಲ ಅಂತೆಲ್ಲ ಕೂಗೋದನ್ನ ನೋಡಿದೀನಿ, ಯಾರ ಹೆಸರಲ್ಲಿ ಕೂಗ್ತಿದಾರೋ ಅವರಿಗೇ ಅದು ಇಷ್ಟ ಆಗಲ್ಲ. ಹೊಸಬರು ಯಾರಾದ್ರೂ ಬೇಸ್ ಎಲ್ಲಿ ಕೇಳತ್ತೆ ನನಗೆ ಗೊತ್ತಾಗ್ತಿಲ್ಲ ಅಂದ್ರೆ ನಗದೇ ಹೆಡ್‌ಫೋನ್ ಕೊಟ್ಟು ಇಲ್ಲಿ ನೋಡಿ ಅಂತ ತೋರಿಸಿ.

ಭೇಟಿ ಆಗೋ ಅವಕಾಶವೇ ಇಲ್ಲ ಅನ್ನೋರು, ನಮ್ಮಲ್ಲಿ ಮುಕ್ಕಾಲು ಪಾಲು ಜನ ಹಾಗೇ, ಬರೆದು ಕಳಿಸಿ. ಬ್ಯಾಂಡಿನ ಅಧಿಕೃತ ಪೇಜಿಗೆ ಸಾಕು, ಮನೆ ವಿಳಾಸ ಹುಡುಕೋದು, ಮನೆಯವರಿಗೆ ಮೆಸೇಜ್ ಹಾಕೋದು ಯಾವತ್ತೂ ಬೇಡ. ಉತ್ತರ ಬರ್ಲಿ ಅಂತ ಪ್ರಶ್ನೆ ತುರುಕಬೇಡಿ, ಚಿಕ್ಕದಾಗಿರಲಿ. ನಾನು ಒಬ್ಬರಿಗೆ ಬರೆದಿದ್ದು ಹೆಚ್ಚುಕಮ್ಮಿ ಹೀಗಿತ್ತು, ನಿಮ್ಮ ಮಾತಲ್ಲಿ ಬದಲಾಯಿಸ್ಕೊಳ್ಳಿ:

"ನಮಸ್ಕಾರ. ನಿಮ್ಮ ಎರಡನೇ ಆಲ್ಬಮ್ಮಿನ ಕೊನೆ ಹಾಡಲ್ಲಿ ಡ್ರಮ್ಸ್ ನಿಧಾನ ಆದಾಗ ನೀವು ಒಂದೇ ಸ್ವರನ ಎಂಟು ಸುತ್ತು ಬಿಡದೇ ಹಿಡ್ಕೊಂಡಿರ್ತೀರಲ್ಲ, ಅಲ್ಲಿ ಬೇರೆ ಯಾರಾದ್ರೂ ಆಗಿದ್ರೆ ಏನಾದ್ರೂ ತುಂಬಿಸ್ತಿದ್ರು ಅನ್ಸತ್ತೆ. ನೀವು ತುಂಬಿಸ್ಲಿಲ್ಲ. ಮನೇಲಿ ಕಷ್ಟ ಇದ್ದ ಒಂದು ತಿಂಗಳು ರಾತ್ರಿ ನಾನು ಆ ಜಾಗಾನೇ ಹಾಕ್ಕೊಂಡು ಮಲಗ್ತಿದ್ದೆ. ಉತ್ತರ ಬರೀಬೇಕು ಅಂತೇನಿಲ್ಲ, ಕೈ ಜೋಪಾನ."